ಹೆಸರು ಕತ್ತರಿಸಿದ ಕರೆ

"ಏನು ಬೇಕಾದ್ರೂ ಮಾಡ್ಕೊ ಮಗಾ, ಹೆಸರೊಂದನ್ನ ಮಾತ್ರ ಕತ್ತರಿಸಬೇಡ," ಎಂದಳು ಒಕ್‌ಶಿಮ್ ಅಜ್ಜಿ.

ತೇಗ್ಯು ನಕ್ಕುಬಿಟ್ಟ. "ಕತ್ತರಿಸಿದ್ರೆ ಏನಾಗುತ್ತಜ್ಜಿ? ರಕ್ತ ಬರುತ್ತಾ?"

ಅಜ್ಜಿ ನಗಲಿಲ್ಲ. ಬೇಯಿಸಿದ ಗೆಣಸಿನ ಸಿಪ್ಪೆ ಸುಲಿದು, ಬಿಸಿಗೆ ಊದಿ ಅವನ ಕೈಗಿಟ್ಟಳು. "ಹೆಸರಿದ್ರೆ ಆ ಕರೆ ಒಬ್ಬನಿಗೆ. ಹೆಸರಿಲ್ದಿದ್ರೆ ಓಗೊಟ್ಟೋರಿಗೆ."

ತೇಗ್ಯು ಸಿಯೋಲ್‌ನವನು. ಅಲ್ಲೊಂದು ನೆಲಮಾಳಿಗೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಕುಣಿತದ ಸಂಗೀತ ಕಟ್ಟುತ್ತಿದ್ದ. ಬೇರೆಯವರ ದನಿಯ ತುಣುಕನ್ನು ಎತ್ತಿ, ಕೊಯ್ದು, ತಾಳಕ್ಕೆ ಕೂರಿಸಿ ಮತ್ತೆ ಮತ್ತೆ ಸುತ್ತಿಸುವುದರಲ್ಲಿ ಅವನದು ಎತ್ತಿದ ಕೈ. ಅವನ ಕಡೆಯವರು ಅಂಥ ತುಣುಕಿಗೆ ಸ್ಯಾಂಪಲ್ ಅನ್ನುತ್ತಾರೆ. ಯಾರೂ ಬಳಸದ ದನಿಯೊಂದನ್ನು ಹುಡುಕಿಕೊಂಡು ಅವನು ಜಿಂಡೋ ದ್ವೀಪದ ಈ ತುದಿಯವರೆಗೆ ಬಂದಿದ್ದ.

ಸಿಕ್ಕಿಯೂ ಇತ್ತು. ಪಾಲ್‌ಬೊಂಗ್ ಎಂಬ ಬೆಸ್ತ ಕಡಲಲ್ಲಿ ಮುಳುಗಿ ಹೆಣವೂ ಸಿಗದೆ ಹೋಗಿದ್ದ. ಹಿಂದಿನ ದಿನ ಅವನ ಜೀವವನ್ನು ನೀರಿನಿಂದ ಎತ್ತುವ ಪೂಜೆ ನಡೆದಿತ್ತು. ಒಕ್‌ಶಿಮ್ ಅಜ್ಜಿ ಹಿತ್ತಾಳೆ ಬಟ್ಟಲಿಗೆ ಅಕ್ಕಿ ತುಂಬಿ, ಬಟ್ಟೆಯಲ್ಲಿ ಗಂಟು ಕಟ್ಟಿ, ಉದ್ದನೆಯ ಬಿಳಿ ಬಟ್ಟೆಯ ತುದಿಗೆ ಬಿಗಿದು ನೀರಿಗೆ ಎಸೆದಳು. ಎಸೆದು ಕರೆದಳು. "ಪಾಲ್‌ಬೊಂಗಾ, ಬಾ. ಎದ್ದು ಬಾ. ಈ ಬಟ್ಟೆ ಹಿಡಿದು ಬಾ." ಎಂಬತ್ತರ ಮುದುಕಿಯ ಗಂಟಲು ಹರಿದ ಹಾಯಿಯಂತೆ ಗಾಳಿಯಲ್ಲಿ ಬಡಿಯಿತು. ತೇಗ್ಯುವಿನ ಮೈಕು ಅದನ್ನು ಉಸಿರೂ ಬಿಡದಂತೆ ಹಿಡಿಯಿತು. ಮೂರನೆಯ ಸಲ ಬಟ್ಟಲನ್ನು ಎಳೆದು ಬಿಚ್ಚಿದಾಗ ಅಕ್ಕಿಯ ಮೇಲೆ ಒದ್ದೆಯಾದ ಒಂದು ಕೂದಲಿತ್ತು. ಸತ್ತವನ ತಾಯಿ ಅದನ್ನು ಎದೆಗವಚಿಕೊಂಡಳು. ಅಜ್ಜಿಯ ಕೈಚಳಕ ಚೆನ್ನಾಗಿದೆ ಎಂದುಕೊಂಡ ತೇಗ್ಯು. ಆಮೇಲೆ ಸಂಜೆಯವರೆಗೂ ಆ ಜೀವವನ್ನು ಕಳಿಸಿಕೊಡುವ ಹಾಡುಗಳಿದ್ದವು. ಅಷ್ಟು ಹೊತ್ತಿಗೆ ಅವನು ಮೈಕು ಮಡಚಿಯಾಗಿತ್ತು.

ಈಗ ಅವನು ಒಪ್ಪಂದದ ಎರಡು ಹಾಳೆಗಳನ್ನು ಜಗಲಿಯ ಮೇಲೆ ಹರಡಿದ. ದನಿಯ ಯಾವ ಭಾಗವನ್ನಾದರೂ, ಯಾವ ರೀತಿಯಲ್ಲಾದರೂ, ಎಂದೆಂದಿಗೂ ಬಳಸಬಹುದು ಎಂದು ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅಜ್ಜಿಗೆ ಓದು ಬರುತ್ತಿರಲಿಲ್ಲ.

"ಏನು ಬರ್ದಿದೆ ಮಗಾ?"

"ನಿಮ್ಮ ದನಿ ಉಳಿಸಿಕೊಳ್ತೀನಿ ಅಂತ."

ಅಜ್ಜಿ ಸೊಂಟದ ಚೀಲದಿಂದ ಹೆಸರಿನ ಮುದ್ರೆ ತೆಗೆದು, ಅದಕ್ಕೆ ಬಾಯಿಯ ಹಬೆ ಊದಿ, ಕೆಂಪು ಶಾಯಿಗೆ ಅದ್ದಿ ಸಹಿಯ ಜಾಗದಲ್ಲಿ ಒತ್ತಿದಳು. ಅವನು ಹೊರಟಾಗ ಬಾಗಿ, ಅವನ ಷೂಗಳನ್ನು ಮೆಟ್ಟಿಕೊಳ್ಳಲು ಅನುಕೂಲವಾಗುವಂತೆ ಬಾಗಿಲ ಕಡೆಗೆ ತಿರುಗಿಸಿಟ್ಟಳು. ಅವನು ಅದನ್ನು ಗಮನಿಸಲಿಲ್ಲ.

ಹೆಸರು ತೆಗೆಯಬೇಕೆಂದು ಅವನಿಗೂ ಮೊದಲಿಗೆ ಇರಲಿಲ್ಲ. ಹಾಗೆ ಹೇಳಿದವನು ಅವನ ವಕೀಲ ಗೆಳೆಯ ಬಾಂಗ್.

"ಹಾಡು ನೂರಾರು ವರ್ಷದ್ದು, ಅದಕ್ಕೆ ಒಡೆಯರಿಲ್ಲ. ಹಾಡಿದೋಳು ಮುದ್ರೆ ಒತ್ತಿದಾಳೆ. ಉಳಿದಿದ್ದು ಆ ಸತ್ತೋನ ಹೆಸರು ನೋಡು. ಮನೆಯೋರು ನಾಳೆ ಕೇಸು ಹಾಕಿದ್ರೆ ನನ್ನ ತಲೆ ತಿಂತೀಯ. ಕಿತ್ತು ಬಿಸಾಕು."

"ಮುದುಕಿ ಅದೊಂದನ್ನೇ ಬೇಡ ಅಂದಿದ್ಲು ಕಣೋ."

"ಕಾಗದದಲ್ಲಿದೆಯಾ?"

"ಇಲ್ಲ."

"ಮತ್ತೆ?"

ತೇಗ್ಯು ಕಿತ್ತು ಬಿಸಾಕಿದ. ಹೆಸರಿದ್ದ ಜಾಗದಲ್ಲಿ ಒಂದು ಡೋಲಿನ ಪೆಟ್ಟು ಇಟ್ಟ. ಬಾ. ಎದ್ದು ಬಾ. ಈ ಬಟ್ಟೆ ಹಿಡಿದು ಬಾ. ಎಂಟು ಸೆಕೆಂಡು. ಮತ್ತೆ ಮೊದಲಿನಿಂದ. ಹಾಡು ಹೊರಬಂದು ಹದಿನೈದು ದಿನದಲ್ಲಿ ಊರೆಲ್ಲ ಅದೇ ಆಯಿತು. ಆ ಉಬ್ಬಿನಲ್ಲಿ ಅವನು ಎಂಟು ಸೆಕೆಂಡಿನ ತುಣುಕನ್ನೇ ಬಿಡಿಯಾಗಿ ಅಂತರ್ಜಾಲದ ಒಂದು ಸಂಗ್ರಹಕ್ಕೆ ಹಾಕಿದ. ಯಾರು ಬೇಕಾದರೂ ಬಳಸಿ, ಯಾರನ್ನೂ ಕೇಳಬೇಕಿಲ್ಲ, ಈ ಅನುಮತಿಯನ್ನು ಹಿಂದೆ ಪಡೆಯಲಾಗದು. ಹಾಗೆಂದು ಇದ್ದ ಚೌಕದಲ್ಲಿ ಗುರುತು ಹಾಕಲು ಅವನಿಗೆ ಒಂದು ಕ್ಷಣವೂ ಹಿಡಿಯಲಿಲ್ಲ.

ಅವನ ನೆಲಮಾಳಿಗೆಯ ಮೇಲೆಯೇ ಅಕ್ಕ ನಾನ್‌ಹೀಯ ಅಂಗಡಿ. ಕಿಮ್ಚಿ ಉಪ್ಪಿನಕಾಯಿ, ಸೊಪ್ಪಿನ ಪಲ್ಯ, ಸೋಯಾದಲ್ಲಿ ಬೇಯಿಸಿದ ಒಣಮೀನು ಮಾರುತ್ತಿದ್ದಳು. ತಂದೆ ತಾಯಿ ಹೋದಮೇಲೆ ಅವನನ್ನು ಸಾಕಿದವಳು ಅವಳೇ. ಅವನ ಕಿವಿಯಲ್ಲದೆ ಆ ತುಣುಕನ್ನು ಮೊದಲು ಕೇಳಿದ್ದೂ ಅವಳೇ. ವಾರಗಟ್ಟಲೆ ಅದು ನೆಲದ ಹಲಗೆಯ ಸಂದಿನಿಂದ ಮೇಲೇರಿ ಅವಳ ಪಾದಕ್ಕೆ ತಾಗುತ್ತಿತ್ತು.

ಒಂದು ಮಧ್ಯಾಹ್ನ ಊಟಕ್ಕೆಂದು ಮೇಲೆ ಬಂದವನು ಬಾಗಿಲಲ್ಲೇ ನಿಂತ. ನಾನ್‌ಹೀ ಮೂಲಂಗಿ ಹೆಚ್ಚುತ್ತಿದ್ದಳು. ಕೆಳಗೆ ತುಣುಕು ಸುತ್ತುತ್ತಿತ್ತು. ಪ್ರತಿ ಸುತ್ತಿನ ಕೊನೆಗೂ, ತಲೆ ಎತ್ತದೆ, ಮೆಲ್ಲಗೆ ಅವಳು ಹೇಳುತ್ತಿದ್ದಳು: "ಹಾಂ, ಬಂದೆ."

"ಯಾರಿಗಕ್ಕಾ?"

"ಏನು ಯಾರಿಗೆ?"

"ಬಂದೆ ಅಂದ್ಯಲ್ಲ."

"ನಾನೆಲ್ಲಿ ಅಂದೆ? ಹಸಿದ ಹೊಟ್ಟೆಗೆ ಏನೇನೋ ಕೇಳ್ಸುತ್ತೆ. ಕೂತ್ಕೊ." ಅವಳು ಅನ್ನ ಬಡಿಸಿದಳು. ಅನ್ನದಲ್ಲಿ ಕೆಸರಿನ ವಾಸನೆಯಿತ್ತು. ಇಳಿತದ ಹೊತ್ತು ಕಡಲು ಬಿಟ್ಟುಹೋಗುವ ಕಪ್ಪು ಕೆಸರಿನ ವಾಸನೆ. ಅವಳ ಕಾಲುಚೀಲ ಮೊಣಕಾಲವರೆಗೆ ಒದ್ದೆಯಾಗಿತ್ತು. ನೆಲ ಒಣಗಿತ್ತು.

ಮರುವಾರ ಪೊಲೀಸರು ಫೋನು ಮಾಡಿದರು. ನಡುಹಗಲಲ್ಲಿ ನಾನ್‌ಹೀ ಊರ ನಡುವಿನ ಹಾನ್ ನದಿಯೊಳಗೆ ಎದೆಮಟ್ಟ ನೀರಿನಲ್ಲಿ ನಿಂತಿದ್ದಳಂತೆ. ಸೈಕಲ್ಲಿನಲ್ಲಿ ಹೋಗುತ್ತಿದ್ದ ಮುದುಕನೊಬ್ಬ ಇಳಿದು ಎಳೆತಂದು, ತನ್ನ ಕೋಟು ಹೊದಿಸಿ, ಹೆಸರೂ ಹೇಳದೆ ಹೋಗಿದ್ದ. ಅವಳಿಗೆ ನೆನಪಿದ್ದದ್ದು ಇಷ್ಟೇ: ಬಟ್ಟೆಯಂಗಡಿಯ ಮುಂದೆ ಹಾಡು ಬರುತ್ತಿತ್ತು, ಯಾರೋ ಕರೆದರು.

ಆಮೇಲೆ ಎಲ್ಲೆಲ್ಲೂ ಕರೆದರು. ಬಸ್ಸಿನಲ್ಲಿ. ದಂತವೈದ್ಯನ ಲಿಫ್ಟಿನಲ್ಲಿ. ಪಕ್ಕದ ಮನೆಯ ಟಿವಿಯಲ್ಲಿ ಶಾಂಪೂ ಜಾಹೀರಾತು ಬಂದಾಗ. ಕಿವಿಗೆ ಹತ್ತಿ ತುರುಕಿದರೂ ಅವಳು ಏಳುತ್ತಿದ್ದಳು.

ತೇಗ್ಯು ತನ್ನ ಹಾಡನ್ನು ಅಳಿಸಿದ. ಆದರೆ ಅಷ್ಟರಲ್ಲಿ ಬೇರೆಯವರು ಆ ಎಂಟು ಸೆಕೆಂಡಿನಿಂದ ಇನ್ನೂರು ಹಾಡು ಕಟ್ಟಿದ್ದರು. ಸಂಗ್ರಹದವರಿಗೆ ಬರೆದ. ನಿಮ್ಮ ಕೋರಿಕೆ ತಲುಪಿದೆ ಎಂದು ಯಂತ್ರ ಉತ್ತರಿಸಿತು. ಮತ್ತೆ ಬರೆದ. ಅದೇ ಉತ್ತರ. ಹನ್ನೊಂದನೆಯ ಸಲಕ್ಕೆ ಮನುಷ್ಯನೊಬ್ಬ ಬರೆದ: ತಾವೇ ಕೊಟ್ಟ ಅನುಮತಿಯನ್ನು ತಾವು ಹಿಂದೆ ಪಡೆಯಲು ಅವಕಾಶವಿಲ್ಲ. ಶಾಂಪೂ ಕಂಪನಿಯವರು ಫೋನನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತ ಒಂದು ಗಂಟೆ ಕಾಯಿಸಿದರು. ಕಾಯುವಾಗ ಕಿವಿಯಲ್ಲಿ ಬಂದದ್ದು ಅದೇ ಹಾಡು. ಅವನು ಫೋನನ್ನು ಗೋಡೆಗೆ ಅಪ್ಪಳಿಸಿದ.

"ಯಾವ ಆಧಾರದ ಮೇಲೆ ನಿಲ್ಲಿಸ್ಲಿ, ಹೇಳು," ಎಂದ ಬಾಂಗ್. "ಅದಕ್ಕೆ ಒಡೆಯರಿಲ್ಲ ಅಂತ ನಾನೂ ನೀನೂ ಕೂತೇ ತೀರ್ಮಾನಿಸಿದ್ದು."

"ಅಕ್ಕ ಸಾಯ್ತಾಳೆ ಕಣೋ!"

"ಕೋರ್ಟಿನಲ್ಲಿ ಏನಂತ ಹೇಳ್ಲಿ? ಮಾಟ ಅಂತಲಾ?" ಬಾಂಗ್ ತನ್ನ ಕಾರಿನ ಕೀಲಿಯನ್ನು ಅವನ ಕಡೆ ನೂಕಿದ. "ಕಾರು ತಗೊಂಡು ಹೋಗು. ಅವಳನ್ನ ಆ ಮುದುಕಿ ಹತ್ರ ಕರ್ಕೊಂಡು ಹೋಗು."

ಜಿಂಡೋ ತಲುಪಿದಾಗ ಮಂಜು ದಟ್ಟವಾಗಿತ್ತು. ಬೆಳಗಿನ ಹತ್ತು ಗಂಟೆಗೆ ಬೇಲಿಯೂ ಕಾಣುತ್ತಿರಲಿಲ್ಲ. ಒಣಹಾಕಿದ ಕಡಲಸೊಪ್ಪಿನ ಉಪ್ಪು ಗಂಟಲಿಗೆ ಅಂಟುತ್ತಿತ್ತು. ಒಕ್‌ಶಿಮ್ ಅಜ್ಜಿ ನಾನ್‌ಹೀಯ ಮುಖ ನೋಡಿದಳು, ಒದ್ದೆ ಕಾಲುಚೀಲ ನೋಡಿದಳು. ಬಯ್ಯಲಿಲ್ಲ.

"ಉಂಡು ಬಂದ್ರಾ?" ಎಂದಳು.

ಗಂಜಿ ಕೊಟ್ಟು, ನಾನ್‌ಹೀಯನ್ನು ಅಡಿಯಿಂದ ಕಾಯಿಸಿದ ಬೆಚ್ಚಗಿನ ನೆಲದ ಮೇಲೆ ಮಲಗಿಸಿ, ತನ್ನ ಕಂಬಳಿಯನ್ನೇ ಹೊದಿಸಿ ಹೊರಗೆ ಬಂದು ಕೂತಳು.

"ಓಗೊಟ್ಲಾ?"

"ಹಾಂ, ಬಂದೆ ಅಂದ್ಲು. ನೂರಾರು ಸಲ."

"ಮೊದಲು ಓಗೊಟ್ಟೋಳು ಅವಳೇ ಅಂದ್ಮೇಲೆ ಕರೆ ಈಗ ಅವಳದು. ಮುಳುಗಿದೋನು ಆಚೆಯಿಂದ ಈಚೆಗೆ ಬರ್ತಾನೆ. ಈಚೆಗೇ ಇರೋಳು ಎಲ್ಲಿಗೆ ಬರ್ಬೇಕು ಹೇಳು? ಆಚೆಗೇ ಹೋಗ್ಬೇಕು."

"ಹೆಸರು ಮತ್ತೆ ಸೇರಿಸಿ ಹಾಡಿ ಅಜ್ಜಿ. ಪಾಲ್‌ಬೊಂಗ್ ಅಂತ. ಮೊದಲಿದ್ದ ಹಾಗೆ."

"ಅವನನ್ನ ಕಳಿಸಾಯ್ತು. ಅವರಮ್ಮ ಈಗೀಗ ನಿದ್ದೆ ಮಾಡ್ತಾಳೆ. ನಿನಗೋಸ್ಕರ ಅವನನ್ನ ಎಬ್ಬಿಸ್ಲಾ?"

ತೇಗ್ಯು ಕೋಣೆಯೊಳಗಿನ ಅಕ್ಕನ ಕಡೆ ತಿರುಗಿ ನೋಡಿದ.

"ಇನ್ನೊಂದು ಹೆಸರು ಇಡಬೋದು," ಎಂದಳು ಅಜ್ಜಿ. "ತಾನಾಗಿ ಒಪ್ಪಿ ಕೊಟ್ಟಿರಬೇಕು. ಕೇಳಿಸ್ಕೊ, ಎಲ್ಲಾ ಬಿಡಿಸಿ ಹೇಳ್ತೀನಿ. ಕೊಟ್ಟ ಮೇಲೆ ಲೋಕದಲ್ಲಿ ಎಲ್ಲೇ ಅದು ಮೊಳಗ್ಲಿ, ಕರೆಯೋದು ಅವನನ್ನೇ. ಕಿವಿ ಇಲ್ದಿದ್ರೂ ಕೇಳುತ್ತೆ. ಅದು ಮೊಳಗೋದು ನಿಲ್ಲೋವರೆಗೂ ನಿಲ್ಲಲ್ಲ. ಕಳಿಸಿಕೊಡೋ ಹಾಡು ಬದುಕಿರೋರಿಗೆ ಇಲ್ಲ. ಬೇಡ ಅಂದ್ರೆ ಈಗಲೇ ಅನ್ನು, ನಾನೇನೂ ತಿಳ್ಕೊಳಲ್ಲ."

ತೇಗ್ಯುವಿಗೆ ತನ್ನ ಎರಡು ಹಾಳೆಗಳ ಸಣ್ಣ ಅಕ್ಷರಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. "ಒಂದಿನ ಟೈಮ್ ಕೊಡಿ ಅಜ್ಜಿ," ಎಂದ. "ಬೇರೆ ಏನಾದ್ರೂ ದಾರಿ ಇರುತ್ತೆ. ಇರಲೇಬೇಕು."

ಆಗ ಮಂಜಿನೊಳಗೆ ಪ್ರಯಾಣಿಕರ ಹಡಗು ಕೂಗಿತು. ಬಂದರುಕಟ್ಟೆಗೆ ಬರುವ ಹಡಗು. ಅದರ ಧ್ವನಿವರ್ಧಕದಲ್ಲಿ ಹಾಡು.

ಬಾ.

ಕೋಣೆಯಲ್ಲಿ ಕಂಬಳಿ ಖಾಲಿಯಿತ್ತು.

ಎದ್ದು ಬಾ.

ಅವನು ಓಡಿದ. ಇಳಿತದ ಕೆಸರು ಮೊಣಕಾಲವರೆಗೆ ನುಂಗಿತು. ಷೂ ಕಳಚಿತು. "ಅಕ್ಕಾ!" ಮಂಜು ದನಿಯನ್ನು ಮರಳಿ ಬಾಯಿಗೇ ತುರುಕಿತು. ಕೆಸರಿನ ಮೇಲೆ ಹೆಜ್ಜೆಗಳಿದ್ದವು. ಹೆಜ್ಜೆಗಳು ಮುಗಿದಲ್ಲಿ ನೀರು. ನೀರಿನ ಮೇಲೆ ಅವಳ ತಲೆ. ಕೂದಲು ಹರಡಿತ್ತು. ಅವಳು ಈಜುತ್ತಿರಲಿಲ್ಲ. ನಡೆಯುತ್ತಿದ್ದಳು.

ಈ ಬಟ್ಟೆ ಹಿಡಿದು ಬಾ.

ಗದ್ದ. ಬಾಯಿ. ಮೂಗು.

ಹಿಂದೆ ಅಜ್ಜಿ ಏದುಸಿರು ಬಿಡುತ್ತ ಬಂದು ನಿಂತಳು. ಕೈಯಲ್ಲಿ ಬಟ್ಟಲಿತ್ತು. ಬಿಳಿ ಬಟ್ಟೆ ಕೆಸರಿನ ಮೇಲೆ ಬಿಚ್ಚಿಕೊಂಡಿತು. ಬಟ್ಟಲು ನೀರಿಗೆ ಬಿತ್ತು. ಅಜ್ಜಿ ಬಾಯಿ ತೆರೆದಳು. ತೆರೆದು ಕಾದಳು. ಅವನ ಕಡೆ ನೋಡಿದಳು. ಬಲವಂತ ಮಾಡಲಿಲ್ಲ.

"ತೇಗ್ಯು!" ಅವನು ಕಿರುಚಿದ. "ಪ್ಯೋ ತೇಗ್ಯು! ನನ್ನ ಹೆಸರು! ಗೊತ್ತಿದ್ದೇ ಕೊಡ್ತಿದೀನಿ!"

"ತೇಗ್ಯುವೇ," ಎಂದು ಕರೆದಳು ಒಕ್‌ಶಿಮ್ ಅಜ್ಜಿ, "ಬಾ."

ಹಡಗಿನ ಹಾಡಿನಲ್ಲಿ ಡೋಲಿನ ಪೆಟ್ಟು ಇದ್ದ ಜಾಗದಲ್ಲಿ, ಅವನು ಸ್ಪಷ್ಟವಾಗಿ ಕೇಳಿದ, ತನ್ನ ಹೆಸರು ಬಂತು. ನೀರಿನೊಳಗೆ ನಾನ್‌ಹೀ ಕೆಮ್ಮಿದಳು. "ಅಯ್ಯೋ, ಚಳಿ," ಎಂದಳು, ನಿದ್ದೆಯಿಂದ ಎದ್ದವಳ ದನಿಯಲ್ಲಿ. ಅವನ ಕಾಲುಗಳು ಅವಳನ್ನು ದಾಟಿ ಆಳಕ್ಕೆ ಹೊರಟಿದ್ದವು. ಅವಳೇ ಅವನ ಕೂದಲು ಹಿಡಿದು ದಡಕ್ಕೆ ಎಳೆದಳು. ಎಂಬತ್ತರ ಮುದುಕಿ ಇನ್ನೊಂದು ಕಡೆಯಿಂದ ಎಳೆದಳು.

ಈಗ ಅಕ್ಕ ತಮ್ಮ ಇರುವುದು ಕಡಲಿನಿಂದ ದೂರ, ಗಂಗ್ವಾನ್ ಬೆಟ್ಟಗಳ ನಡುವಿನ ಹಳ್ಳಿಯಲ್ಲಿ. ಅಲ್ಲಿಯ ಬಸ್ಸಿನ ಡ್ರೈವರು, ಯಾಕೆಂದು ಕೇಳದೆ, ನಾನ್‌ಹೀ ಒಮ್ಮೆ ಬೇಡಿಕೊಂಡಳೆಂದು, ತೇಗ್ಯು ಹತ್ತಿದೊಡನೆ ರೇಡಿಯೋ ಆರಿಸುತ್ತಾನೆ. ಅದರಿಂದ ಪ್ರಯೋಜನವಿಲ್ಲವೆಂದು ಅವರು ಅವನಿಗೆ ಹೇಳಿಲ್ಲ. ಲೋಕದ ಯಾವುದೋ ಮೂಲೆಯಲ್ಲಿ ಹಾಡು ಮೊಳಗುತ್ತಲೇ ಇರುತ್ತದೆ. ಒಂದೇ ಕಡೆ, ಸಣ್ಣ ದನಿಯಲ್ಲಾದರೆ ಅವನು ಹಲ್ಲು ಕಚ್ಚಿ ತಡೆಯಬಲ್ಲ.

ದಿನವೆಲ್ಲ ಅವನು ಪತ್ರ ಬರೆಯುತ್ತಾನೆ. ಹಾಡು ಕಟ್ಟಿದ ಒಬ್ಬೊಬ್ಬರಿಗೂ. ಕೇಳುವ ಹಕ್ಕು ನನಗಿಲ್ಲ, ಆದರೂ ಕೇಳುತ್ತಿದ್ದೇನೆ, ದಯವಿಟ್ಟು ತೆಗೆಯಿರಿ ಎಂದು. ಲಿಮಾ ನಗರದ ಒಬ್ಬ ತೆಗೆದ, ಕ್ಷಮೆಯನ್ನೂ ಕೇಳಿದ. ಆ ವಾರ ಹೊಸದಾಗಿ ಒಂಬತ್ತು ಹಾಡು ಬಂದವು. ಅವನು ಮೇಜಿಗೆ ಗುದ್ದುತ್ತಾನೆ, ಮತ್ತೆ ಬರೆಯುತ್ತಾನೆ.

ಇವತ್ತು ಸಂಜೆ ಬುಸಾನ್‌ನಿಂದ ಅವನ ಫೋನಿಗೆ ಒಂದು ಉತ್ತರ ಬಂತು. ನಾನ್‌ಹೀ ಜೋರಾಗಿ ಓದಿದಳು. "ನಮಸ್ಕಾರ ಸಾರ್. ನಾನು ನಿಮ್ಮ ದೊಡ್ಡ ಅಭಿಮಾನಿ. ಅನುಮತಿ ಬೇಕಿಲ್ಲ ಅಂತ ನೀವೇ ಹಾಕಿದೀರಲ್ಲ, ಅದಕ್ಕೇ ಬಳಸಿದೆ. ಇವತ್ತು ಸಂಜೆ ಆರಕ್ಕೆ ಕಡಲತೀರದ ಉತ್ಸವದಲ್ಲಿ ಇದರಿಂದಲೇ ಶುರು ಮಾಡ್ತೀನಿ. ಮೂವತ್ತು ಸಾವಿರ ಜನ ಬರ್ತಾರೆ."

ಗಡಿಯಾರದಲ್ಲಿ ಐದೂ ಮುಕ್ಕಾಲು.

ನಾನ್‌ಹೀ ಫೋನು ಕೆಳಗಿಟ್ಟಳು. ಹಗ್ಗ ತಂದಳು. ಅವನ ಮಣಿಕಟ್ಟು ತರಚದಂತೆ ಮೊದಲು ಮೆತ್ತನೆಯ ಟವೆಲು ಸುತ್ತಿ, ಅದರ ಮೇಲೆ ಹಗ್ಗ ಬಿಗಿದು, ಮನೆಯ ನಡುಗಂಬಕ್ಕೆ ಕಟ್ಟಿದಳು.

"ಬಿಗಿ ಆಯ್ತೇನೋ?"

"ಸಾಲದು ಅಕ್ಕಾ. ಇನ್ನೊಂದು ಸುತ್ತು ಹಾಕು."