ಸುಂಕ ಕಟ್ಟಲು ಹಟ ಹಿಡಿದವನು

ದೆಸಾಂಕಮ್ಮ ಸ್ಮಶಾನದಿಂದ ಮನೆಗೆ ಬಂದಾಗ ಬೆಂಚಿನ ಮೇಲಿರುತ್ತಿದ್ದ ಕರಿ ಅಕಾರ್ಡಿಯನ್ ಇರಲಿಲ್ಲ. ಅದಕ್ಕೆ ಹೊದಿಸಿದ್ದ ಕಸೂತಿ ಬಟ್ಟೆಯನ್ನು ಯಾರೋ ನೀಟಾಗಿ ಮಡಿಸಿಟ್ಟು ಹೋಗಿದ್ದರು.

ಸತ್ತವರಿಗೆ ಮೇಣದಬತ್ತಿ ಹಚ್ಚುವ ಶನಿವಾರ ಅದು. ಶಿದ್ ಪಟ್ಟಣಕ್ಕೆ ಪಟ್ಟಣವೇ ಸಮಾಧಿಗಳ ಹತ್ತಿರ ನೆರೆದಿತ್ತು. ದೆಸಾಂಕಮ್ಮ ಮೊದಲು ಕೂಗಿದ್ದು ಪಕ್ಕದ ಮನೆಯ ನನ್ನನ್ನು. ನಾನು ಸ್ರೆತೆನ್, ಗಡಿಯ ಕಸ್ಟಮ್ಸ್‌ನಲ್ಲಿ ಕೆಲಸ. ಕಳ್ಳರನ್ನು ಹಿಡಿಯುವುದು ಪೊಲೀಸರ ಕೆಲಸ ಎಂದೆ. ಅದು ಅವರ ಕಿವಿಗೇ ಬೀಳಲಿಲ್ಲ.

"ನಂಗೆ ನುಡಿಸೋಕೆ ಬರಲ್ಲ ಕಣೋ. ದಿನಾ ಸಂಜೆ ಗಾಳಿ ಗುಂಡಿ ಒತ್ಕೊಂಡು ಒಂದ್ಸಲ ಎಳೀತೀನಿ, ಅಷ್ಟೆ. ಸ್ವರ ಬರಲ್ಲ, ಉಸಿರು ಬರುತ್ತೆ. ಕೊನೇಲಿ ಸಣ್ಣಗೆ ಉಬ್ಬಸ. ಥೇಟ್ ನಮ್ಮನೆಯವರು ಮಲಗಿದ್ದ ಹಾಗೆ."

ಅವರ ಗಂಡ ಝಿವಾನ್ ಸುತ್ತಲಿನ ಮದುವೆಗಳಿಗೆಲ್ಲ ನುಡಿಸಿದವನು. ಅವನು ತೀರಿಕೊಂಡ ಮೇಲೆ ಆ ಉಸಿರು ಕೇಳದೆ ದೆಸಾಂಕಮ್ಮ ಮಲಗಿದವರಲ್ಲ.

* * *

ತೀರ್ಪು ಕೊಡಲು ಊರು ಪೊಲೀಸರಿಗಾಗಿ ಕಾಯಲಿಲ್ಲ. ಝಿವಾನನ ಜೊತೆ ನುಡಿಸುತ್ತಿದ್ದ ವುಕಾಶಿನ್, ಸಾವಾದ ಸ್ವಲ್ಪ ದಿನಕ್ಕೇ ಆ ಅಕಾರ್ಡಿಯನ್ ತನಗೆ ಮಾರಿ ಎಂದು ಕೇಳಿದ್ದ. ಊರಿಗೆ ಅಷ್ಟು ಸಾಕಾಯಿತು. ಪೊಲೀಸರು ಅವನ ಮನೆ ಜಾಲಾಡಿದರು. ಏನೂ ಸಿಗಲಿಲ್ಲ. ಆದರೂ ಅವನನ್ನು ಮದುವೆಗಳಿಗೆ ಕರೆಯುವುದು ನಿಂತುಹೋಯಿತು. ವಾದ್ಯಗಾರರೆಲ್ಲ ಎಚ್ಚರಗೊಂಡರು. ಕಾಗದಪತ್ರವಿಲ್ಲದ ಅಕಾರ್ಡಿಯನ್ ಮುಟ್ಟಲೂ ಹೆದರಿದರು.

ಸಂಜೆಯಾದರೆ ದೆಸಾಂಕಮ್ಮ ಖಾಲಿ ಬೆಂಚಿನ ಪಕ್ಕ ಕೂರುತ್ತಿದ್ದರು. "ಊಟ ಆಯ್ತಾ?" ಎಂದು ನಾನು ಬೇಲಿಯಾಚೆಯಿಂದ ಕೇಳುತ್ತಿದ್ದೆ. "ನಿದ್ದೆ ಬರ್ತಿಲ್ಲ ಕಣೋ," ಎನ್ನುತ್ತಿದ್ದರು. ಕೇಳಿ ಕೇಳಿ ನನಗೂ ನಿದ್ದೆ ಕೆಟ್ಟಿತು.

* * *

ಜೂನ್ ಬಂತು. ನಮ್ಮ ಗಡಿಯಲ್ಲಿ ತಾನಾಗಿ ನಿಜ ಹೇಳುವವರು ಅಪರೂಪ. ಕಾಫಿ ಯಂತ್ರದ ಮೇಲೆ ಕಂಬಳಿ ಹಾಸಿ, ಅದರ ಮೇಲೆ ಅಜ್ಜಿಯನ್ನು ಕೂರಿಸಿಕೊಂಡು ಬರುವ ಜನ ನಮ್ಮವರು. ಅಂಥದ್ದರಲ್ಲಿ ಲ್ಯುಬಾನ್ ತಾನಾಗಿ, ನಗುನಗುತ್ತಾ ಸುಂಕ ಕಟ್ಟುವ ಸಾಲಿಗೆ ಬಂದು ನಿಂತ. ಅವನು ಝಿವಾನನ ಅಕ್ಕನ ಮಗ, ದೆಸಾಂಕಮ್ಮನ ಮನೆಯಲ್ಲೇ ಬೆಳೆದವನು, ಈಗ ಇಟಲಿಯಲ್ಲಿ ಲಾರಿ ಓಡಿಸುತ್ತಾನೆ.

"ಏನ್ ತಂದಿದೀಯಪ್ಪಾ?"

"ಹೊಸಾ ಅಕಾರ್ಡಿಯನ್, ಸ್ರೆತೆನಣ್ಣ. ಇಗೋ ಅಂಗಡಿ ರಸೀದಿ. ಸುಂಕ ಎಷ್ಟಾಗುತ್ತೋ ಹಾಕಿ, ಕಟ್ತೀನಿ."

ನನಗೆ ಹಸಿವಾಗಿತ್ತು. ಮುದ್ರೆ ಒತ್ತಿ ಕಳಿಸಿಬಿಡೋಣ ಎಂದುಕೊಂಡೆ.

"ಅಣ್ಣ, ಬಣ್ಣ ಕೆಂಪು ಅಂತ ಬರೀರಿ. ನುಡಿಸೋ ಕೀಲಿ ಎಷ್ಟಿವೆ ಅಂತಾನೂ ಬರೀರಿ. ಹೊಸಾದು ಅನ್ನೋದು ಮರೀಬೇಡಿ."

ನಮ್ಮ ಮೇಲಧಿಕಾರಿ ವಿದೊಸಾವಾ ಕಾಫಿ ಬಟ್ಟಲು ಕೆಳಗಿಟ್ಟು ಎದ್ದು ಬಂದರು.

"ಯಾರೂ ನುಡಿಸೇ ಇಲ್ವಾ ಇದನ್ನ?"

"ಇಲ್ಲ ಮೇಡಂ. ಅಂಗಡಿಯಿಂದ ಸೀದಾ ಇಲ್ಲಿಗೆ."

ವಾದ್ಯ ಕೆಂಪಗೆ ಹೊಳೆಯುತ್ತಿತ್ತು. ವಿದೊಸಾವಾ ಕೀಲಿಗಳ ಕಡೆ ನೋಡಲೇ ಇಲ್ಲ. ಪಟ್ಟಿ ಬಿಚ್ಚಿ, ಗಾಳಿಯೆಳೆಯುವ ತಿದಿಯ ಮಡಿಕೆಗಳ ಮೇಲೆ ಬೆರಳಾಡಿಸಿದರು. ಪರ್ಸಿನಿಂದ ಒಂದು ನೋಟು ತೆಗೆದು ಮೇಲಿನ ಮಡಿಕೆಯೊಂದರಲ್ಲಿ ತೂರಿಸಿದರು. ಅದು ಸಲೀಸಾಗಿ ಒಳಗೆ ಹೋಗಿ ಕೂತಿತು.

"ಸ್ರೆತೆನ್, ನಿನ್ ಮದುವೇಲಿ ಅಕಾರ್ಡಿಯನ್‌ನವನಿಗೆ ದುಡ್ಡು ಎಲ್ಲಿ ಸಿಕ್ಕಿಸಿದ್ರು?"

"ತಿದಿ ಮಡಿಕೇಲಿ. ಇನ್ನೆಲ್ಲಿ ಸಿಕ್ಕಿಸ್ತಾರೆ?"

"ಇಟಲಿಯೋರೂ ಹಾಗೇ ಸಿಕ್ಕಿಸ್ತಾರಾ?"

ನಾನು ಬಗ್ಗಿ ನೋಡಿದೆ. ಕೆಳಗಿನ ಮಡಿಕೆಗಳ ಅಂಚುಗಳು ಚೂಪಾಗಿದ್ದವು. ಕುಣಿಯುವವರ ಕೈಗೆ ಎಟುಕುವ ಮೇಲಿನ ಮಡಿಕೆಗಳು ಮಾತ್ರ ಸವೆದು ಮೊಂಡಾಗಿದ್ದವು. ಎಷ್ಟು ಮದುವೆಗಳ ನೋಟು ಉಜ್ಜಿದ್ದವೋ.

ಲ್ಯುಬಾನನ ನಗು ಮಾಯವಾಯಿತು. "ದೆಸಾಂಕಮ್ಮನ್ನ ಕರ್ಕೊಂಡ್ ಬಾ," ಎಂದರು ವಿದೊಸಾವಾ ನನಗೆ.

* * *

ವಾದ್ಯ ತೋರಿಸುವ ಮೊದಲೇ ವಿದೊಸಾವಾ ಕೇಳಿದರು, "ನಿಮ್ಮ ಅಕಾರ್ಡಿಯನ್ ಒಳಗೆ ಏನಾದ್ರೂ ಗುರುತಿತ್ತಾ ಅಮ್ಮ?"

"ಒಂದ್ಸಲ ಇಲಿ ಕಡಿದಿತ್ತು. ಮೂಲೇಲಿ ಒಳಗಿಂದ ತೇಪೆ ಅಂಟಿಸಿದೀನಿ. ನನ್ನ ಮದುವೆ ರವಿಕೆ ತುಂಡು ಅದು. ನೀಲಿ ಹೂವು."

ಸಣ್ಣ ಮೊಳೆಗಳನ್ನು ಎಳೆದು ತಿದಿ ಬಿಚ್ಚಿದೆ. ಮೂಲೆಯಲ್ಲಿ ನೀಲಿ ಹೂವಿನ ತೇಪೆ ಇತ್ತು. ಲ್ಯುಬಾನ್ ಕುರ್ಚಿ ಹುಡುಕಿಕೊಂಡು ಕೂತ.

"ಮಡಿಸಿಟ್ಟ ಬಟ್ಟೆ ವಿಷಯ ಸ್ರೆತೆನ್ ಹೇಳಿದಾಗ್ಲೇ ನಂಗೆ ಅನುಮಾನ," ಎಂದರು ವಿದೊಸಾವಾ. "ಹೊರಗಿನ ಕಳ್ಳ ಅದನ್ನ ಬಿಸಾಕಿ ಹೋಗ್ತಾನೆ. ಆ ಮನೇಲಿ ಬೈಸ್ಕೊಂಡು ಬೆಳೆದೋನು ಮಡಿಸಿಡ್ತಾನೆ. ಆಮೇಲೆ ಇವನು ಬಂದ. ಸುಂಕ ಕಟ್ಟೋ ಪ್ರಾಮಾಣಿಕರೂ ಇದಾರೆ, ಆದ್ರೆ ಮುಖ ಗಂಟಿಕ್ಕಿಕೊಂಡು ಕಟ್ತಾರೆ. ಇವನಿಗೆ ಕಟ್ಟೋದ್ರಲ್ಲೇ ಖುಷಿ. ಯಾಕೆ? ಇಂಥ ಹಳೇ ವಾದ್ಯಕ್ಕೆ ಒಳ್ಳೇ ಬೆಲೆ ಕೊಡೋರು ನಮ್ಮ ಮದುವೆ ವಾದ್ಯಗಾರರೇ. ಅವರಿಗೋ ಕಳ್ಳಮಾಲಿನ ಭಯ. ಇಟಲಿಗೆ ಒಯ್ದು ಕರೀದನ್ನ ಕೆಂಪು ಮಾಡಿಸಿ, ಅಲ್ಲಿ ಗುರುತಿನ ಅಂಗಡಿಯಿಂದ ರಸೀದಿ ಬರೆಸಿ, ನಮ್ಮ ಮುದ್ರೆ ಬಿದ್ರೆ ಯಾರು ಕೇಳ್ತಾರೆ? ತಿದಿ ಬದಲಾಯಿಸಿದ್ರೆ ನಾದ ಹೋಗುತ್ತೆ ಅಂತ ಅದೊಂದನ್ನ ಬಿಟ್ಟ."

"ಪಾಪ, ವುಕಾಶಿನ್," ಎಂದರು ದೆಸಾಂಕಮ್ಮ.

ಲ್ಯುಬಾನ್ ತಲೆಯೆತ್ತಲಿಲ್ಲ. "ಸುಮ್ನೆ ಕೂತಿತ್ತಲ್ಲ ಅತ್ತೆ. ನಿಮಗೆ ನುಡಿಸೋಕೂ ಬರಲ್ಲ."

ದೆಸಾಂಕಮ್ಮ ವಾದ್ಯದ ಕಡೆ ಕೈ ಚಾಚಿದರು. "ಒಂದ್ಸಲ ಎಳೀಲಾ?" ಎಂದು ವಿದೊಸಾವಾರನ್ನು ಕೇಳಿದರು.

ನಾನು ತಿದಿ ಮತ್ತೆ ಕೂರಿಸಿದೆ. ಅವರು ಪಟ್ಟಿ ಹೆಗಲಿಗೇರಿಸಿ, ಗಾಳಿ ಗುಂಡಿ ಒತ್ತಿ, ಕಣ್ಣು ಮುಚ್ಚಿ ಎಳೆದರು. ಉಸಿರು ಬಂತು. ನುಣ್ಣಗೆ ಬಂದು ನುಣ್ಣಗೇ ನಿಂತಿತು. ಮತ್ತೊಮ್ಮೆ ಎಳೆದರು. ಕೊನೆಯಲ್ಲಿ ಉಬ್ಬಸ ಇರಲಿಲ್ಲ.

"ಇಟಲಿಯ ರಿಪೇರಿಯವನು ಗಾಳಿ ಸೋರೋದನ್ನೂ ಸರಿಮಾಡಿದಾನೆ ಅತ್ತೆ," ಎಂದ ಲ್ಯುಬಾನ್, ಉಪಕಾರ ಮಾಡಿದವನಂತೆ.

ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಕೈ ಏಳಲಿಲ್ಲ. ವಿದೊಸಾವಾ ಕಿಟಕಿಯ ಕಡೆ ತಿರುಗಿ ನಿಂತರು.

"ಕೇಸು ಮುಗಿಯೋವರೆಗೆ ಇದು ನಮ್ಮ ಹತ್ರ ಇರಬೇಕಮ್ಮ," ಎಂದರು ಕೊನೆಗೆ. "ಆಮೇಲೆ ನಾನೇ ಮನೆಗೆ ತಂದುಕೊಡ್ತೀನಿ."

ದೆಸಾಂಕಮ್ಮ ತಿದಿ ಮುಚ್ಚಿ, ಪಟ್ಟಿ ಹಾಕಿ, ಬರಿಗೈಯಿಂದಲೇ ಅದರ ಧೂಳು ಒರೆಸಿದರು.

"ಇಲ್ಲೇ ಇರ್ಲಿ ಬಿಡಮ್ಮ. ಎಲ್ಲಿದ್ರೂ ಹಳೇದಾಗುತ್ತಲ್ಲ. ಅದಕ್ಕೆ ಮತ್ತೆ ಉಬ್ಬಸ ಬರೋವರೆಗೂ ನಾನು ಕಾಯ್ತೀನಿ."