ಬೆರಳೆತ್ತಿದರೆ ಗಟ್ಟಿಮೇಳ

"ಚಪ್ಪಲಿ ಯಾಕ್ರೀ ಬಿಚ್ಚಿದ್ರಿ?"

ಪಿಯಾನೋ ಮುಂದೆ ಕೂತಿದ್ದ ಬೃಂದಾ ಕೇಳಿಯೇ ಬಿಟ್ಟಳು.

ಆಡಿಷನ್ನಿಗೆ ಬಂದವನು ಚಪ್ಪಲಿಗಳನ್ನು ಬಾಗಿಲ ಹೊರಗೆ ಜೋಡಿಸಿಟ್ಟು ಬಂದಿದ್ದ. ತನಗೆಂದು ಹಾಕಿದ್ದ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಹಳೆಯ ಸ್ಯಾಕ್ಸೋಫೋನನ್ನು ಎತ್ತಿ ಕಣ್ಣಿಗೊತ್ತಿಕೊಂಡ.

"ಊದುವಾಗ ಕಾಲಲ್ಲಿ ಚಪ್ಪಲಿ ಇರಬಾರ್ದಲ್ಲ ಮೇಡಂ."

ಗೋಡೆಗೆ ಒರಗಿ ನಿಂತಿದ್ದ ಹುಡುಗ ಹುಡುಗಿಯರು ಮುಸಿಮುಸಿ ನಕ್ಕರು.

ಅದು ತೊಂಬತ್ತರ ಏಪ್ರಿಲ್. ಕುವೈತಿನ ಅಬು ಹಲೀಫಾದ ಒಂದು ಇಂಡಿಯನ್ ಶಾಲೆಯ ಸಂಗೀತದ ಕೋಣೆ. ಹೈಸ್ಕೂಲಿನ ಜಾಝ್ ಬ್ಯಾಂಡಿಗೆ ಜನ ಆರಿಸುವ ಗುರುವಾರ. ಡ್ರಮ್ಸಿಗೆ ನಾಲ್ವರು, ಗಿಟಾರಿಗೆ ಒಂಬತ್ತು ಮಂದಿ! ಸ್ಯಾಕ್ಸೋಫೋನಿಗೆ ಮಾತ್ರ ಒಂದು ಮಗುವೂ ಇಲ್ಲ. ಅದಕ್ಕೇ ಬ್ಯಾಂಡ್ ಮಾಸ್ಟರ್ ಅಲೋಶಿಯಸ್ ಸರ್, ಶಾಲೆಯ ಸಿಬ್ಬಂದಿಯೂ ಬರಬಹುದು ಎಂದು ನೋಟೀಸ್ ಹಾಕಿಸಿದ್ದರು. ಬಂದವನು ಕೆಮಿಸ್ಟ್ರಿ ಲ್ಯಾಬಿನ ಅಸಿಸ್ಟೆಂಟ್.

ಹೆಸರು ಕೊರಗಪ್ಪ. ಪ್ರೇಮಕಥೆಯ ನಾಯಕನಿಗೆ ಇಂಥ ಹೆಸರೇ ಎಂದು ಮೂಗು ಮುರಿಯಬೇಡಿ. ಎರಡು ಮಕ್ಕಳು ಕೈತಪ್ಪಿದ ಮೇಲೆ ಅವನಮ್ಮ ಕೊರಗಜ್ಜನಿಗೆ ಹರಕೆ ಹೊತ್ತು ಪಡೆದ ಮಗ ಅವನು. ಅಪ್ಪ ಮಂಗಳೂರಿನ ಕಡೆ ಮದುವೆಗಳಲ್ಲಿ, ಗುಡಿಗಳಲ್ಲಿ ಸ್ಯಾಕ್ಸೋಫೋನ್ ಊದುವವರು. ಇಪ್ಪತ್ತಾರು ವರ್ಷದ ಈ ಮಗ ಜಾಝ್ ಅನ್ನುವ ಪದ ಕೇಳಿದ್ದೇ ನೋಟೀಸ್ ಬೋರ್ಡಿನಲ್ಲಿ!

ಆದರೆ ಊದಿದ ನೋಡಿ...

ಬೃಂದಾಳ ಬೆರಳುಗಳು ಪಿಯಾನೋ ಮೇಲೆ ಹಾಗೇ ನಿಂತುಹೋದವು. ಮೈಸೂರಿನ ಹುಡುಗಿ, ಇಪ್ಪತ್ತಮೂರು ವರ್ಷ, ಈ ಶಾಲೆಯ ಸಂಗೀತದ ಟೀಚರ್. ಅಪ್ಪ ಎಣ್ಣೆ ಕಂಪೆನಿಯಲ್ಲಿ ಎಂಜಿನಿಯರ್. ಎಷ್ಟೋ ಕಛೇರಿ ಕೇಳಿದವಳು. ಆದರೂ ಒಂದೇ ಉಸಿರಿನಲ್ಲಿ ಇಷ್ಟು ದೂರ ಹೋಗಿ, ಮತ್ತೆ ಇಷ್ಟು ಮೃದುವಾಗಿ ಹಿಂದಿರುಗುವ ನಾದ ಅವಳಿಗೆ ಹೊಸದು.

'ಯಾರಿವನು...?'

ಅಲೋಶಿಯಸ್ ಸರ್‌ಗೂ ಖುಷಿಯಾಗಿತ್ತು. ಆದರೆ ಹೊರಗೆ ಇನ್ನೂ ಹತ್ತು ಮಂದಿ ಕಾಯುತ್ತಿದ್ದರು. 'ಸಾಕು' ಅನ್ನುವಂತೆ ಅವರು ತೋರುಬೆರಳು ಎತ್ತಿ ಅಲ್ಲಾಡಿಸಿದರು.

ಅಷ್ಟೇ!

ಮದುವೆಮನೆಯಲ್ಲಿ ಹಾಗೆ ಬೆರಳೆತ್ತಿ ಆಡಿಸುವುದು ಒಂದೇ ಕ್ಷಣಕ್ಕೆ. ತಾಳಿ ಕಟ್ಟುವ ಕ್ಷಣಕ್ಕೆ. ಬೆರಳು ಮೇಲೆದ್ದರೆ ಏನೂ ಕೇಳಬಾರದು, ಊದಿಬಿಡಬೇಕು ಎಂದು ಎಂಟನೇ ವಯಸ್ಸಿಗೇ ಅಪ್ಪ ಕಲಿಸಿದ್ದರು. ಕೊರಗಪ್ಪ ಕೆನ್ನೆ ಉಬ್ಬಿಸಿ, ಕಿಟಕಿಯ ಗಾಜು ಅದುರುವ ಹಾಗೆ ಗಟ್ಟಿಮೇಳ ಊದಿಬಿಟ್ಟ!

"ವಾಟ್ ಇಸ್ ದಟ್, ಮಿಸ್?" ಒಬ್ಬ ಹುಡುಗಿ ಕಿವಿ ಮುಚ್ಚಿಕೊಂಡಳು.

ಕೋಣೆಯೆಲ್ಲ ನಗು. ಎಲ್ಲರಿಗಿಂತ ಜೋರಾಗಿ ನಕ್ಕವಳು ಬೃಂದಾ. ಕಣ್ಣಲ್ಲಿ ನೀರು ಬರುವಷ್ಟು, ಮುಖ ಕೆಂಪಾಗುವಷ್ಟು ನಕ್ಕಳು.

ಊದುವುದು ನಿಂತಿತು. ಕೊರಗಪ್ಪ ಅವಳನ್ನು ಒಮ್ಮೆ ನೋಡಿದ. ಎದ್ದು, ಚಪ್ಪಲಿ ಮೆಟ್ಟಿ, ಹೊರಟುಹೋದ.

ಅವಳು ನಕ್ಕಿದ್ದು ಯಾಕೆ? ನನಗೆ ಗೊತ್ತು. ಆದರೆ ಅದನ್ನು ಅವಳೇ ಹೇಳಬೇಕು, ಅದೂ ಅವನಿಗೆ ಮೊದಲು.

* * *

ಶನಿವಾರ ಬೆಳಿಗ್ಗೆ ಅವಳು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಕೊರಗಪ್ಪ ಗಾಜಿನ ನಳಿಗೆಗಳನ್ನು ತೊಳೆಯುತ್ತಿದ್ದ.

"ಅಲೋಶಿಯಸ್ ಸರ್ ನಿಮ್ಮನ್ನ ಕರೀತಿದ್ದಾರೆ. ಇಡೀ ಕುವೈತಲ್ಲಿ ಅಂಥ ಉಸಿರು ಇನ್ನೊಬ್ಬರಿಗಿಲ್ಲವಂತೆ."

"ಮತ್ತೊಮ್ಮೆ ನಗ್ಲಿಕ್ಕಾ ಮೇಡಂ?"

ಬೃಂದಾಗೆ ಚುರುಕ್ಕೆಂದಿತು. "ಸಾರಿ... ನಾನು ನಿಮ್ಮನ್ನ ಗೇಲಿ ಮಾಡಿ ನಗ್ಲಿಲ್ಲ ಕಣ್ರೀ."

"ಮತ್ತೆ ಎಂಥದಕ್ಕೆ ನಕ್ಕದ್ದು?"

ಹೇಳಬೇಕೆಂದು ಬಾಯಿ ತೆರೆದಳು. ಆದರೆ ಆ ಕಾರಣ...! ಪರಿಚಯವೇ ಇಲ್ಲದ ಗಂಡಸಿಗೆ ಹೇಳುವಂಥದ್ದೇ ಅದು? ಕಿವಿಯವರೆಗೂ ಬಿಸಿಯಾಯಿತು. ತೆರೆದ ಬಾಯಿ ಮುಚ್ಚಿಕೊಂಡು ನಳಿಗೆಗಳತ್ತ ನೋಡಿದಳು.

"ಬರ್ತೇನೆ," ಎಂದ ಅವನೇ ಕೊನೆಗೆ. "ಆದ್ರೆ ಅರ್ಧಂಬರ್ಧ ಬೇಡ. ನಿಮ್ಮ ಆ ಸ್ವರದ ಕಾಗದ ಓದ್ಲಿಕ್ಕೆ ಕಲಿಸ್ಬೇಕು."

ಹಾಗೆ ಶುರುವಾಯಿತು. ಪ್ರತಿ ಗುರುವಾರ ಮಧ್ಯಾಹ್ನ ಪ್ರಾಕ್ಟೀಸ್, ಅದಕ್ಕೂ ಮುಂಚೆ ಅರ್ಧ ಗಂಟೆ ಪಾಠ. ಗೆರೆಗಳ ಮೇಲೆ ಕೂತ ಸ್ವರಗಳನ್ನು ಅವಳು ತೋರಿಸುತ್ತಿದ್ದಳು. ಅವನು ಅವುಗಳ ಕೆಳಗೆ ಪೆನ್ಸಿಲಿನಲ್ಲಿ ಸ, ರಿ, ಗ ಎಂದು ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದ.

ಒಂದು ದಿನ ತಲೆ ಎತ್ತಿ ಕೇಳಿದ, "ಇಲ್ಲಿ ಸೋಲೋ ಅಂತ ಬರ್ದು ಖಾಲಿ ಬಿಟ್ಟಿದ್ದಾರಲ್ಲ, ಪ್ರಿಂಟಾಗ್ಲಿಲ್ವಾ?"

"ಇಲ್ಲರೀ, ಅಲ್ಲಿ ಮನಸ್ಸಿಗೆ ಬಂದಿದ್ದು ನುಡಿಸ್ಬೇಕು."

"ಅಯ್ಯೋ ಮಾರಾಯ್ರೇ! ಅದು ನಮ್ಮ ಆಲಾಪನೆ ಅಲ್ವಾ? ಮೊದಲೇ ಹೇಳ್ಬಾರ್ದಾ!"

ಮೊದಲ ಸಲ ಅವನು ನಕ್ಕ. ಬೃಂದಾ ಅವತ್ತು ಮನೆಗೆ ಹೋಗಿ ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಅಮ್ಮ ವೇದಾವತಿ ಮಗಳ ಮುಖವನ್ನೂ ಸಾರನ್ನೂ ನೋಡಿ, ಸಾರಿಗೆ ನೀರು ಬೆರೆಸಿದರು.

ಬರುವಾಗ ಅವನು ಮಕ್ಕಳಿಗೆಂದು ಪೇಪರಿನಲ್ಲಿ ಸುತ್ತಿದ ಬಿಸಿ ಖುಬೂಸ್ ರೊಟ್ಟಿ ತರುತ್ತಿದ್ದ. ಅಂಚು ಕರಕಲಾಗದ ಒಂದನ್ನು ಪಿಯಾನೋ ಮೇಲೆ ಬೇರೆಯಾಗಿ ಇಡುತ್ತಿದ್ದ. "ತಿನ್ನಿ ಮೇಡಂ" ಅನ್ನುತ್ತಿದ್ದ. ಆ 'ಮೇಡಂ' ಮಾತ್ರ ಬಿಡಲಿಲ್ಲ. ಅವಳ ಹತ್ತಿರ ಬಂದಾಗಲೆಲ್ಲ ಆ ಪದವನ್ನು ಮಧ್ಯೆ ಅಡ್ಡ ಹಿಡಿಯುತ್ತಿದ್ದ.

'ಇನ್ನೂ ಆ ನಗು ಮನಸ್ಸಲ್ಲಿದೆ ಇವನಿಗೆ. ಹೇಳಿಬಿಡಬೇಕು... ಎಲ್ಲವನ್ನೂ.'

ಬೇಸಿಗೆ ರಜೆ ಬಂತು. ಸೆಪ್ಟೆಂಬರಿನ ಕಾರ್ಯಕ್ರಮಕ್ಕಾಗಿ, ಊರಿಗೆ ಹೋಗದ ಮಕ್ಕಳೊಂದಿಗೆ ಪ್ರಾಕ್ಟೀಸ್ ಮುಂದುವರಿಯಿತು. ಜುಲೈ ಕೊನೆಯಲ್ಲಿ ಬೃಂದಾ ಧೈರ್ಯ ಮಾಡಿದಳು.

"ಮುಂದಿನ ಗುರುವಾರ ಸ್ವಲ್ಪ ಬೇಗ ಬರ್ತೀರಾ? ಒಂದು ವಿಷಯ ಹೇಳ್ಬೇಕು."

"ಬರ್ತೇನೆ ಮೇಡಂ."

ಆ ಮುಂದಿನ ಗುರುವಾರ ಆಗಸ್ಟ್ ಎರಡನೇ ತಾರೀಖು. ಬೆಳಗಾಗುವಷ್ಟರಲ್ಲಿ ಬೀದಿಯಲ್ಲಿ ಇರಾಕಿ ಟ್ಯಾಂಕುಗಳಿದ್ದವು.

* * *

ಸೆಪ್ಟೆಂಬರಿನಲ್ಲಿ ಶಾಲೆಯ ಮುಂದಿನಿಂದಲೇ ಬಸ್ಸು ಹೊರಟಿತು. ಬಾಗ್ದಾದ್, ಅಮ್ಮಾನ್, ಅಲ್ಲಿಂದ ವಿಮಾನದಲ್ಲಿ ಊರು. ಎಲ್ಲರಿಗೂ ನೀರಿನ ಕ್ಯಾನು ಹತ್ತಿಸಿಕೊಟ್ಟವನು ಕೊರಗಪ್ಪ.

"ನೀನೂ ಹತ್ತಪ್ಪ," ಎಂದರು ವೇದಾವತಿ.

"ಪಾಸ್‌ಪೋರ್ಟ್ ವೀಸಾ ಕೊಟ್ಟ ಕಫೀಲನ ಕಪಾಟಿನಲ್ಲುಂಟಮ್ಮ. ಅವ ಎಲ್ಲಿದ್ದಾನೋ ದೇವರಿಗೇ ಗೊತ್ತು. ಎಂಬೆಸಿಯವ್ರು ಕಾಗದ ಮಾಡಿ ಕೊಡ್ತಾರಂತೆ, ಮತ್ತೆ ಬರ್ತೇನೆ."

ಬೃಂದಾ ಕಿಟಕಿಯಿಂದ ಬಗ್ಗಿದಳು. "ರೀ... ಆ ದಿನ ನಾನು ನಕ್ಕಿದ್ದು—"

"ಅದನ್ನು ಬಿಡಿ ಮೇಡಂ. ವಾದ್ಯದವನನ್ನು ನೋಡಿ ನಗೋದು ಹೊಸತಲ್ಲ. ನಂಗೆ ಬೇಜಾರಿಲ್ಲ."

ಬೇಜಾರಿಲ್ಲವಂತೆ! ಬೈದಿದ್ದರೂ ಅವಳಿಗೆ ಇಷ್ಟು ನೋವಾಗುತ್ತಿರಲಿಲ್ಲ. "ಇಲ್ಲ, ಕೇಳಿ ಇಲ್ಲಿ!" ಎಂದು ಕೂಗಿದಳು. ಬಸ್ಸಿನ ಎಂಜಿನ್ ಗುಡುಗಿತು. ಅವನು ಕೈ ಬೀಸಿದ, ಆಮೇಲೆ ಧೂಳಿನಲ್ಲಿ ಕಾಣಲಿಲ್ಲ.

ಮೈಸೂರಿನಲ್ಲಿ ಒಂದು ವರ್ಷ. ಅವನ ಊರಿನ ವಿಳಾಸವಿಲ್ಲ, ಬದುಕಿದ್ದಾನೋ ಇಲ್ಲವೋ ಎಂದು ಹೇಳುವವರಿಲ್ಲ. ಯಾವುದೇ ಮದುವೆಗೆ ಕರೆ ಬಂದರೂ ಬೃಂದಾ ಊಟದ ಹೊತ್ತಿಗೆ ಮಾತ್ರ ಹೋಗುತ್ತಿದ್ದಳು. ಗಟ್ಟಿಮೇಳ ಕೇಳುವ ಶಕ್ತಿ ಅವಳಿಗಿರಲಿಲ್ಲ. ನೋಡಲು ಬಂದ ಎರಡು ಗಂಡುಗಳನ್ನು ಬೇಡ ಅಂದಳು.

"ಆ ಸ್ಯಾಕ್ಸೋಫೋನಿನ ಹುಡುಗನಾ?" ಎಂದು ಅಮ್ಮ ಒಂದು ದಿನ ನೇರವಾಗಿ ಕೇಳಿದರು.

ಬೃಂದಾ ಅತ್ತುಬಿಟ್ಟಳು. ವೇದಾವತಿ ಸೆರಗಿನಿಂದ ಅವಳ ಮುಖ ಒರೆಸಿದರು. "ಮೊದಲು ಸಿಗಲಿ. ಅಪ್ಪನಿಗೆ ನಾನು ಹೇಳ್ತೀನಿ."

* * *

ತೊಂಬತ್ತೊಂದರ ಅಕ್ಟೋಬರ್. ಯುದ್ಧ ಮುಗಿದು, ಅಪ್ಪನ ಕಂಪೆನಿ ಕರೆಸಿಕೊಂಡಿದ್ದರಿಂದ ಬೃಂದಾ ಮತ್ತೆ ಕುವೈತಿನ ಅದೇ ಶಾಲೆಗೆ ಬಂದಿದ್ದಳು. ಎಣ್ಣೆ ಬಾವಿಗಳ ಬೆಂಕಿ ಇನ್ನೂ ಪೂರ್ತಿ ಆರಿರಲಿಲ್ಲ. ಗಾಳಿ ತಿರುಗಿದ ದಿನ ಅಬು ಹಲೀಫಾದಲ್ಲಿ ಒಣಗಿಸಿದ ಬಟ್ಟೆಗೆಲ್ಲ ಮಸಿ. ಶಾಲೆಯ ಡ್ರಮ್ಸು, ತುತ್ತೂರಿಗಳನ್ನೆಲ್ಲ ಸೈನಿಕರು ಹೊತ್ತೊಯ್ದಿದ್ದರು. ಪಿಯಾನೋ ಬಾಗಿಲಲ್ಲಿ ಹಿಡಿಸದೆ ಉಳಿದುಕೊಂಡಿತ್ತು, ಆದರೆ ಅದರ ಅರ್ಧದಷ್ಟು ಮನೆಗಳು ಒತ್ತಿದರೂ ನುಡಿಯದೆ ಸತ್ತಿದ್ದವು.

ಅಲೋಶಿಯಸ್ ಸರ್ ಮತ್ತೆ ನೋಟೀಸ್ ಹಾಕಿದ್ದರು. ಹೈಸ್ಕೂಲ್ ಜಾಝ್ ಬ್ಯಾಂಡ್, ಸಿಬ್ಬಂದಿಯೂ ಬರಬಹುದು.

ಬೃಂದಾ ಬಾಗಿಲು ನೋಡುತ್ತ ಕೂತಿದ್ದಳು. ಕೊನೆಯ ಹೆಸರು ಕರೆದರು.

"ಕೊರಗಪ್ಪ!"

ಅವನೇ! ತೆಳ್ಳಗಾಗಿದ್ದ. ಕಿವಿಯ ಹತ್ತಿರ ಒಂದೆರಡು ಬಿಳಿ ಕೂದಲು. ಹಿಂದಿನ ದಿನವಷ್ಟೇ ಊರಿನಿಂದ ಬಂದಿದ್ದನಂತೆ. ವರ್ಷದ ಹಿಂದೆ ಊರಿಗೆ ಓಡುವಾಗ ಬಟ್ಟೆಯ ಪೆಟ್ಟಿಗೆ ಬಿಟ್ಟು ಎದೆಗವಚಿಕೊಂಡು ಹೋಗಿದ್ದ ಅದೇ ಸ್ಯಾಕ್ಸೋಫೋನ್ ಕೈಯಲ್ಲಿತ್ತು.

ಆದರೆ ಕಾಲಲ್ಲಿ ಪಾಲಿಷ್ ಮಾಡಿದ ಬೂಟು.

ಬೂಟು ಬಿಚ್ಚಲಿಲ್ಲ. ಕುರ್ಚಿಯ ಮೇಲೆ ನೆಟ್ಟಗೆ ಕೂತ. "ನಮಸ್ತೆ ಮೇಡಂ" ಎಂದವನೇ ಕಾಗದ ನೋಡಿ ಊದಿದ. ಒಂದು ತಪ್ಪಿಲ್ಲ. ಸೋಲೋ ಬಂದಾಗಲೂ ಎಲ್ಲೋ ಕೇಳಿ ಕಲಿತದ್ದನ್ನೇ ಒಪ್ಪಿಸಿದ.

"ಪರ್ಫೆಕ್ಟ್ ಮಾರಾಯ! ಖಲಾಸ್, ಸೆಲೆಕ್ಟೆಡ್," ಎಂದರು ಅಲೋಶಿಯಸ್ ಸರ್.

ಮಕ್ಕಳು ಚಪ್ಪಾಳೆ ತಟ್ಟಿದರು, ಯಾರೂ ನಗಲಿಲ್ಲ. ಬೃಂದಾಳ ಕಣ್ಣು ಮಾತ್ರ ತುಂಬಿಬಂತು. ಯಾರೂ ನಗಬಾರದೆಂದು ಇವನು ಎಷ್ಟೆಲ್ಲ ಬಿಟ್ಟುಬಂದಿದ್ದಾನೆ! ಅದು ತನ್ನಿಂದ. ತಾನು ಹೇಳದೆ ಉಳಿಸಿಕೊಂಡ ಒಂದು ಮಾತಿನಿಂದ.

ಅವನು ಹೊರಡಲು ಎದ್ದ.

ಬೃಂದಾಳೂ ಎದ್ದಳು. ಬಲಗೈ ಮೇಲೆತ್ತಿದಳು. ತೋರುಬೆರಳು ಎತ್ತಿ, ಎಲ್ಲರ ಮುಂದೆ, ಅಲ್ಲಾಡಿಸಿದಳು.

ಕೊರಗಪ್ಪ ಅಲ್ಲೇ ನಿಂತ.

"ಮೇಡಂ... ಅದು ಎಂಥದರ ಸನ್ನೆ ಅಂತ ಗೊತ್ತುಂಟಲ್ಲ?"

"ಗೊತ್ತು."

ಅಲೋಶಿಯಸ್ ಸರ್ ಇಬ್ಬರ ಮುಖ ನೋಡಿದರು. ಮೂವತ್ತು ವರ್ಷ ಮೇಷ್ಟ್ರಾಗಿದ್ದವರು, ಅಷ್ಟು ತಿಳಿಯದೇ? "ಯಲ್ಲಾ ಯಲ್ಲಾ, ಎಲ್ರೂ ಕ್ಯಾಂಟೀನಿಗೆ! ಪೆಪ್ಸಿ ನನ್ನ ಲೆಕ್ಕ!" ಎಂದು ಮಕ್ಕಳನ್ನು ಅಟ್ಟಿಕೊಂಡು ಹೋದರು.

ಕೋಣೆಯಲ್ಲಿ ಇಬ್ಬರೇ.

"ಇವತ್ತೂ ನಗ್ತೀರಾ?" ಅವನ ದನಿ ಸಣ್ಣಗಿತ್ತು.

"ಆ ದಿನ ಯಾಕೆ ನಕ್ಕೆ ಗೊತ್ತಾ?" ಬೃಂದಾಳ ಕೆನ್ನೆ ಮೇಲೆ ಕಣ್ಣೀರು ಇಳಿಯುತ್ತಿತ್ತು, ಆದರೂ ಮಾತು ನಿಲ್ಲಿಸಲಿಲ್ಲ. "ಗಟ್ಟಿಮೇಳ ಕೇಳಿದ್ರೆ ಯಾರಾದ್ರೂ ಏನ್ ಮಾಡ್ತಾರೆ? ಮದುಮಗನ ಕಡೆ ನೋಡ್ತಾರೆ. ನಾನೂ ತಟ್ಟಂತ ತಲೆ ಎತ್ತಿ ನೋಡಿದೆ. ಎದುರಿಗೆ ನೀವೊಬ್ಬರೇ ಕೂತಿದ್ರಿ. 'ಓ, ಇವರಾ...' ಅಂದ್ಕೊಂಡೆ. ಆಮೇಲೆ ನಾಚಿಕೆ ತಡೆಯಕ್ಕಾಗದೆ ನಗು ಬಂತು. ನಾನು ನಕ್ಕಿದ್ದು ನನ್ನ ನೋಡಿ ಕಣ್ರೀ..."

ಅವನು ಕೈಯಲ್ಲಿದ್ದ ಸ್ಯಾಕ್ಸೋಫೋನನ್ನು ಎದೆಗವಚಿಕೊಂಡ.

"ಒಂದೂವರೆ ವರ್ಷ," ಎಂದ. "ಒಂದೂವರೆ ವರ್ಷ ಬೇಕಾಯ್ತಾ ಮಾರಾಯ್ತಿ ಇದನ್ನು ಹೇಳ್ಲಿಕ್ಕೆ?"

ಮಾರಾಯ್ತಿ! ಮೇಡಂ ಅಲ್ಲ, ಮಾರಾಯ್ತಿ. ಬೃಂದಾಗೆ ಅಳುವಿನ ಮಧ್ಯೆಯೇ ನಗು ಉಕ್ಕಿತು.

"ನೀವಾದ್ರೂ ಕೇಳಿದ್ರಾ? ಬೇಜಾರಿಲ್ಲ ಅಂದ್ರಲ್ಲ!"

"ಸುಳ್ಳು. ತುಂಬ ಬೇಜಾರಿತ್ತು. ಬೇರೆ ಯಾರು ನಕ್ಕಿದ್ರೂ ಆಗ್ತಿರ್ಲಿಲ್ಲ. ನೀವು ನಕ್ಕಿರಿ ಅಂತಲೇ ಇತ್ತು."

ಹೇಳಿ ಅವನು ಬಗ್ಗಿದ. ಬೂಟಿನ ಲೇಸು ಬಿಚ್ಚಿದ. ಒಂದು, ಎರಡು... ಬೂಟುಗಳನ್ನು ಬಾಗಿಲ ಹೊರಗೆ ಜೋಡಿಸಿಟ್ಟು ಬಂದು, ಕುರ್ಚಿ ಸರಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತ. ಕಣ್ಣು ಮುಚ್ಚಿ ಗಟ್ಟಿಮೇಳ ಊದಿದ, ಕ್ಯಾಂಟೀನಿನವರೆಗೂ ಕೇಳುವ ಹಾಗೆ! ಬೃಂದಾ ಪಿಯಾನೋದಲ್ಲಿ ಬದುಕಿದ್ದ ಮನೆಗಳನ್ನೆಲ್ಲ ಹುಡುಕಿ ಹುಡುಕಿ ಒತ್ತಿದಳು.

ಉಸಿರು ಮುಗಿದಾಗ ಅವನು ತಲೆ ಎತ್ತಿದ.

"ಒಂದು ತೊಂದರೆ ಉಂಟು ಬೃಂದಾ."

ತನ್ನ ಹೆಸರು ಅವನ ಬಾಯಲ್ಲಿ ಮೊದಲ ಸಲ. ಅವಳು ಬಂದು ಅವನೆದುರು ನೆಲದ ಮೇಲೇ ಕೂತಳು. "ಏನು?"

"ಮದುಮಗನೇ ಗಟ್ಟಿಮೇಳ ಊದ್ತಾ ಕೂತ್ರೆ ತಾಳಿ ಕಟ್ಟೋದು ಯಾರು?"

"ಊದೋಕೆ ಬೇರೆಯವರನ್ನ ಹುಡುಕೋಣ," ಎಂದಳು ಬೃಂದಾ, ಅವನ ಕೈ ಮೇಲೆ ಕೈಯಿಟ್ಟು. "ಅದಕ್ಕೂ ಒಂದು ಆಡಿಷನ್ ಇಡೋಣ."