ದೀಪದ ಮುಂದಿನ ಪಾಸ್‌ಪೋರ್ಟ್

ನವೆಂಬರ್ 11, ಮಂಗಳವಾರ ಬೆಳಿಗ್ಗೆ 10.10ಕ್ಕೆ ನವಿ ಮುಂಬೈಯ ಕಾಮೋಠೆ ಪೊಲೀಸ್ ಠಾಣೆಗೆ ತಾಯಿ ಮಗಳು ಬಂದರು. ಮಗಳು ಅನುಷ್ಕಾ, ಇಪ್ಪತ್ತಮೂರು ವರ್ಷ. ಹಿಂದಿನ ಸಂಜೆ ಮನೆಯಿಂದ ಅವಳ ಪಾಸ್‌ಪೋರ್ಟ್ ಕಳುವಾಗಿತ್ತು.

ಅವಳಿಗೆ ಜರ್ಮನಿಯಲ್ಲಿ ಓ ಪೇರ್ ಕೆಲಸ ಸಿಕ್ಕಿತ್ತು. ಒಂದು ವರ್ಷ ಒಂದು ಕುಟುಂಬದ ಜೊತೆಗೇ ಇದ್ದು ಅವರ ಇಬ್ಬರು ಚಿಕ್ಕ ಮಕ್ಕಳನ್ನು ನೋಡಿಕೊಳ್ಳಬೇಕು. ವೀಸಾ ಸಂದರ್ಶನ ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ. ತಪ್ಪಿದರೆ ಬೇರೆ ಹುಡುಗಿಯನ್ನು ಕರೆಸಿಕೊಳ್ಳುತ್ತೇವೆಂದು ಆ ಮನೆಯವರು ಬರೆದಿದ್ದರು.

ಇನ್‌ಸ್ಪೆಕ್ಟರ್ ಪ್ರೇಮನಾಥ ಡೊಂಬಿವಲಿಯ ಕನ್ನಡ ಮನೆಯಲ್ಲಿ ಬೆಳೆದವರು. ಕನ್ನಡದಲ್ಲೇ ಕೇಳಿದರು.

“ಎಲ್ಲಿಟ್ಟಿದ್ರಿ?”

“ದೇವರ ಮುಂದೆ,” ಎಂದರು ತಾಯಿ ವಿನೋದಾ. “ಗಂಧ ಹಚ್ಚಿ ಇಟ್ಟಿದ್ದೆ.”

“ಪಾಸ್‌ಪೋರ್ಟಿಗೆ ಗಂಧ?”

“ಕವರ್ ಕೋ ಲಗಾಯಾ, ಸರ್,” ಎಂದಳು ಅನುಷ್ಕಾ, ಹಿಂದಿಯಲ್ಲಿ.

ಮನೆಯೊಳಗಿನ ಕಳವಿಗೆ ಹಾಕುವ ಕಲಂ 305ರ ಅಡಿ ಎಫ್‌ಐಆರ್ ದಾಖಲಾಯಿತು. 11.45ಕ್ಕೆ ಸ್ಥಳ ಪಂಚನಾಮೆ. ಬೀಗ ಒಡೆದಿರಲಿಲ್ಲ. ಕಪಾಟಿನ ಬಂಗಾರ ಹಾಗೇ ಇತ್ತು. ಇನ್ನೊಂದು ಬೀಗದ ಕೈ ಚಪ್ಪಲಿ ಸ್ಟ್ಯಾಂಡಿನಲ್ಲಿ ಇರುವುದು ಇಡೀ ಮಹಡಿಗೆ ಗೊತ್ತಿತ್ತು. ತಾಯಿ ಮಗಳು ಖಾರಘರದ ಭಜನೆಗೆ ಹೋಗಿದ್ದ ಹೊತ್ತಿನಲ್ಲಿ ಹೊರಗಿನವರು ಯಾರೂ ಆ ಮಹಡಿಗೆ ಬಂದದ್ದು ಸಿಸಿಟಿವಿಯಲ್ಲಿ ಕಾಣಲಿಲ್ಲ.

“ಮನೆಕೆಲಸದ ಬಾಯಿಯೇ ತೆಗೆದದ್ದು, ಮಾರ್ರೆ,” ಎಂದರು ವಿನೋದಾ.

“ಅವಳು ನಾಲ್ಕು ದಿನದಿಂದ ರಜೆ ಅಂತ ನೀವೇ ಹೇಳಿದ್ರಲ್ಲ?” ಎಂದರು ಪ್ರೇಮನಾಥ.

ದೇವರ ಪೀಠವನ್ನು ನೋಡುತ್ತಿದ್ದ ಕಾನ್‌ಸ್ಟೇಬಲ್ ದಾನಮ್ಮ ತಿರುಗಿದಳು. ಅವಳು ವಿಜಯಪುರದ ಕಡೆಯವಳು.

“ಅಮ್ಮಾರ, ಸಂಜಿ ದೀಪಾ ಎಷ್ಟಕ್ಕ ಹಚ್ಚಿದ್ರಿ?”

“ಆರೂವರೆಗೆ. ಒಂದು ಚಮಚ ಎಣ್ಣೆ.”

“ಎಷ್ಟೊತ್ತು ಉರೀತೈತಿ?”

“ಒಂದು ಗಂಟೆ.”

“ಒಂಬತ್ತೂಕಾಲಕ್ಕ ನೀವು ಬಂದಾಗ?”

“ಉರೀತಾ ಇತ್ತು...” ವಿನೋದಾ ಮಗಳ ಮುಖ ನೋಡಿದರು.

“ಕಳ್ಳ ಎಣ್ಣಿ ಹಾಕಿ ಹೋಗ್ಯಾನ್ರೀ, ಸರ್.”

ಎಣ್ಣೆ ಬಾಟಲಿ ಇದ್ದದ್ದು ಪೀಠದ ಹಿಂದೆ, ಪರದೆಯ ಮರೆಯಲ್ಲಿ. ಅದು ಮನೆಯವರಲ್ಲದ ಒಬ್ಬಳಿಗೆ ಮಾತ್ರ ಗೊತ್ತಿತ್ತು. ಇವರು ಉಡುಪಿಗೆ ಹೋದಾಗ ಬಂದು ದೀಪ ಹಚ್ಚುತ್ತಿದ್ದ ಎದುರು ಮನೆಯ ಜಯಲತಾ. ಗಂಡ ಹಡಗಿನಲ್ಲಿ; ಅವಳಿಗೆ ರಬಾಳೆಯಲ್ಲಿ ಕೆಲಸ. ಮೂರು ವರ್ಷದ ಮಗ ಸಮಿತ್‌ನನ್ನು ಎರಡು ವರ್ಷದಿಂದ ಹಗಲೆಲ್ಲ ನೋಡಿಕೊಂಡವಳು ಅನುಷ್ಕಾ. ಮಕ್ಕಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳೆಂದು ಜರ್ಮನಿಗೆ ಹೋದ ಪತ್ರಕ್ಕೆ ಸಹಿ ಹಾಕಿದವಳೂ ಜಯಲತಾ.

ಬುಧವಾರ ಬೆಳಿಗ್ಗೆ 8ಕ್ಕೆ ಪ್ರೇಮನಾಥ ಆಕೆಯ ಬಾಗಿಲು ತಟ್ಟಿದರು.

“ಎಣ್ಣೆ ಯಾಕೆ ಹಾಕಿದಿರಿ?”

“ಆರಿ ಹೋಗ್ತಾ ಇತ್ತು, ಸರ್. ಹಾಗೆ ಬಿಟ್ಟು ಬರೋದು ಹೇಗೆ?”

ಹೇಳಿದ ಮೇಲೆ ಜಯಲತಾ ತಾನೇ ಹೋಗಿ ಕಪಾಟು ತೆರೆದಳು. ಪಾಸ್‌ಪೋರ್ಟ್ ಸಮಿತ್‌ನ ಸ್ವೆಟರುಗಳ ಅಡಿಯಲ್ಲಿತ್ತು. ಇಬ್ಬರು ಪಂಚರ ಎದುರು ಜಪ್ತಿ ಪಂಚನಾಮೆಯಾಯಿತು. 8.50ಕ್ಕೆ ದಾನಮ್ಮ ಅವಳನ್ನು ಬಂಧಿಸಿದಳು. ಸಮಿತ್ ಓಡಿ ಬಂದು, ಎದುರು ಬಾಗಿಲಲ್ಲಿ ನಿಂತಿದ್ದ ಅನುಷ್ಕಾಳ ಕಾಲು ಹಿಡಿದುಕೊಂಡ. ಅವಳು ಅವನನ್ನು ಎತ್ತಿಕೊಂಡಳು.

“ನನ್ನ ಪಾಸ್‌ಪೋರ್ಟ್, ಸರ್?” ಮೊದಲ ಸಲ ಕನ್ನಡದಲ್ಲಿ ಕೇಳಿದಳು.

“ಈಗ ಅದು ಮುದ್ದೆಮಾಲು, ಕೇಸಿನ ಸಾಕ್ಷ್ಯ. ಕೋರ್ಟ್ ಆದೇಶ ಬೇಕು.”

ಅರ್ಜಿಯನ್ನು ಪ್ರೇಮನಾಥ ತಾವೇ ಬರೆಸಿ ಪನವೇಲ್ ನ್ಯಾಯಾಲಯಕ್ಕೆ ಒಯ್ದರು. ಸಂಜೆ 4.50ಕ್ಕೆ, ಮುಚ್ಚಳಿಕೆ ಬರೆಸಿಕೊಂಡು ಪಾಸ್‌ಪೋರ್ಟ್ ಕೊಡುವಂತೆ ಆದೇಶವಾಯಿತು. ಜಯಲತಾಳಿಗೆ ಜಾಮೀನು ಸಿಕ್ಕಿತು. ಅಲ್ಲಿಯವರೆಗೆ ಸಮಿತ್ ಕೋರ್ಟಿನ ಬೆಂಚಿನಲ್ಲಿ ಅನುಷ್ಕಾಳ ತೊಡೆಯ ಮೇಲೆ ನಿದ್ದೆ ಮಾಡಿದ್ದ. ಅವನನ್ನು ತಾಯಿಯ ಕೈಗೆ ಕೊಟ್ಟು ಅನುಷ್ಕಾ ಮುಚ್ಚಳಿಕೆಗೆ ಸಹಿ ಮಾಡಿದಳು. ಜಯಲತಾಳ ಮುಖ ನೋಡಲಿಲ್ಲ.

ಆರೋಪಿಯ ಹೇಳಿಕೆಯನ್ನು ದಾನಮ್ಮ ಬರೆದುಕೊಂಡಿದ್ದಳು. ಗುರುವಾರ ಕಳೆದ ಮೇಲೆ ಪಾಸ್‌ಪೋರ್ಟನ್ನು ದೇವರ ಮುಂದೆಯೇ ತಿರುಗಿ ಇಟ್ಟುಬಿಡುವ ಯೋಚನೆಯಿತ್ತು. ಮಗ ಅನುಷ್ಕಾಳನ್ನು ಅಮ್ಮ ಎಂದು ಕರೆಯುತ್ತಿದ್ದ, ಅದಕ್ಕೆ ಬೇಸರವಿರಲಿಲ್ಲ. ಇಬ್ಬರು ಅಮ್ಮಂದಿರಲ್ಲಿ ಒಬ್ಬರು ಮನೆಯಲ್ಲಿರಬೇಕಿತ್ತು, ಅಷ್ಟೇ.